ಆಟ, ಓಟದ ಬಳಿಕ ರಕ್ತಪರೀಕ್ಷೆ: ಗಾಬರಿ ಬೇಡ, ಉದಾಸೀನವೂ ಬೇಡ

ಮ್ಯಾರಥಾನ್ ಓಡಿ ಬಂದ ಆರೋಗ್ಯವಂತ ವ್ಯಕ್ತಿಯ ರಕ್ತವನ್ನು ಪರೀಕ್ಷಿಸಿದರೆ, ಹೃದಯಾಘಾತವಾದವರಲ್ಲಿ ಏರುವ ಅಂಶವೇ ಅವರಲ್ಲಿಯೂ ಏರಿರುವುದು ಕಂಡುಬರಬಹುದು. ಫುಟ್ಬಾಲ್ ಆಡಿದ, ಈಜಿದ ಮಕ್ಕಳಲ್ಲಿಯೂ ಹೀಗಾಗುವುದುಂಟು. ಹಾಗಾದರೆ ವ್ಯಾಯಾಮದಿಂದ ಹೃದಯಕ್ಕೆ ಹಾನಿಯೇ? ಮಕ್ಕಳನ್ನು ಮೈದಾನಕ್ಕೆ ಕಳುಹಿಸುವ ಹೆತ್ತವರೂ ಕ್ರೀಡಾಕೂಟ ನಡೆಸುವ ಸಂಘಟಕರೂ ಈ ವಿಷಯವನ್ನು ತಿಳಿದಿರಬೇಕು.

ಎರಡು ಸೂಚಕಗಳು

ಟ್ರೋಪೋನಿನ್ ಎಂಬುದು ಹೃದಯದ ಸ್ನಾಯು ಸಂಕುಚಿಸಲು ನೆರವಾಗುವ ಪ್ರೋಟೀನ್. ರಕ್ತದಲ್ಲಿ ಇದು ಅತ್ಯಲ್ಪ. ರಕ್ತನಾಳ ಮುಚ್ಚಿ ಸ್ನಾಯು ಸಾಯತೊಡಗಿದಾಗ ಇದು ರಕ್ತಕ್ಕೆ ಸೋರುತ್ತದೆ. ಎರಡನೆಯದು ಎನ್‌ಟಿ-ಪ್ರೊಬಿಎನ್‌ಪಿ. ಹೃದಯದ ಗೋಡೆ ಒತ್ತಡದಿಂದ ಹಿಗ್ಗಿದಾಗ ಇದು ಏರುತ್ತದೆ. ನವಜಾತ ಶಿಶುಗಳಲ್ಲಿ ಇದರ ಪ್ರಮಾಣ ಹೆಚ್ಚಿರುತ್ತದೆ, ಮಗು ಬೆಳೆದಂತೆ ಇಳಿಯುತ್ತದೆ, ಇಳಿವಯಸ್ಸಿನಲ್ಲಿ ಮತ್ತೆ ಏರುತ್ತದೆ. ಆದುದರಿಂದ ಮೊಮ್ಮಗನ ವರದಿಯನ್ನು ಅಜ್ಜನ ವರದಿಯೊಡನೆ ಹೋಲಿಸಿ ನೋಡಬಾರದು.

ದೊಡ್ಡವರಲ್ಲಿ

ಅಮೆರಿಕದ ಬೋಸ್ಟನ್ ಮ್ಯಾರಥಾನ್‌ನಲ್ಲಿ 2004 ಮತ್ತು 2005ರಲ್ಲಿ ಓಡಿದ 60 ಮಂದಿ ಹವ್ಯಾಸಿಗಳನ್ನು ವೈದ್ಯರು ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಟ್ರೋಪೋನಿನ್ ಸಾಮಾನ್ಯ ಮಿತಿಯನ್ನು ದಾಟಿತ್ತು. ಕಡಿಮೆ ಅಭ್ಯಾಸ ಮಾಡಿದವರಲ್ಲಿ ಏರಿಕೆ ಹೆಚ್ಚಿತ್ತು. ಸಾಮಾನ್ಯವಾಗಿ ಈ ಏರಿಕೆ ಕೆಲವು ಗಂಟೆಗಳಲ್ಲಿ ಗರಿಷ್ಠಕ್ಕೆ ಮುಟ್ಟಿ, ಒಂದರಿಂದ ಮೂರು ದಿನಗಳೊಳಗೆ ಇಳಿದುಬಿಡುತ್ತದೆ. ಹೃದಯಾಘಾತದಲ್ಲಾದರೋ ಅದು ಹಲವು ದಿನ ಉಳಿಯುತ್ತದೆ. ಶ್ರಮದ ವೇಳೆ ಜೀವಕೋಶಗಳ ಹೊದಿಕೆ ತಾತ್ಕಾಲಿಕವಾಗಿ ಸಡಿಲಗೊಂಡು ಪ್ರೋಟೀನ್ ಹೊರಬರುತ್ತದೆ, ಕೋಶ ಸಾಯುವುದಿಲ್ಲ ಎಂಬುದು ಇದಕ್ಕೆ ತಜ್ಞರು ಕೊಡುವ ಒಂದು ವಿವರಣೆ.

ಮಕ್ಕಳಲ್ಲಿ

ಮಕ್ಕಳು ಮತ್ತು ಹದಿಹರೆಯದವರ ಮೇಲೆ ನಡೆದ ಓಟ, ಈಜು, ಫುಟ್ಬಾಲ್ ಅಧ್ಯಯನಗಳಲ್ಲಿಯೂ ಇದೇ ರೀತಿಯ ಏರಿಳಿತ ಕಂಡಿದೆ. ಹೆಚ್ಚಿನವರಲ್ಲಿ ಸುಮಾರು ಒಂದು ದಿನದಲ್ಲಿ ಅದು ಇಳಿಯುತ್ತದೆ. ಒಂದೇ ಪಂದ್ಯ ಆಡಿದ ಇಬ್ಬರು ಮಕ್ಕಳಲ್ಲಿಯೂ ಪ್ರಮಾಣ ಬಹಳ ಬೇರೆ ಬೇರೆಯಾಗಿರಬಹುದು. ಆಟದ ತೀವ್ರತೆ ಹೆಚ್ಚಿದಷ್ಟು ಏರಿಕೆಯೂ ಹೆಚ್ಚು.

ಎಚ್ಚರಿಕೆ ಏಕೆ?

ಹಾಗೆಂದು ಎಲ್ಲ ಏರಿಕೆಯೂ ನಿರಪಾಯಕಾರಿ ಎನ್ನುವಂತಿಲ್ಲ. ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿ 30ರಿಂದ 55 ಕಿಲೋಮೀಟರ್ ನಡೆದ 725 ಮಂದಿಯ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಇವರಲ್ಲಿ ಹೆಚ್ಚಿನವರು ವಯಸ್ಸಾದವರು. ನಡಿಗೆಯ ಬಳಿಕ ಟ್ರೋಪೋನಿನ್ ಮಿತಿ ಮೀರಿದ್ದು ಶೇಕಡಾ 9 ಮಂದಿಯಲ್ಲಿ. ಮುಂದಿನ ವರ್ಷಗಳಲ್ಲಿ ಈ ಗುಂಪಿನ ಶೇಕಡಾ 27 ಮಂದಿ ಸಾವು ಅಥವಾ ಗಂಭೀರ ಹೃದಯ ತೊಂದರೆಗೆ ತುತ್ತಾದರು. ಉಳಿದವರಲ್ಲಿ ಇದು ಶೇಕಡಾ 7 ಮಾತ್ರ. ನಡಿಗೆಯೇ ಕೇಡು ಮಾಡಿತು ಎಂದು ಇದರರ್ಥವಲ್ಲ. ಒಳಗೆ ಅಡಗಿದ್ದ ದೌರ್ಬಲ್ಯವನ್ನು ಅದು ತೋರಿಸಿಕೊಟ್ಟಿರಬಹುದು.

ನಾವು ಮಾಡಬೇಕಾದುದು

* ಆಟದ ಬಳಿಕ ಆಸ್ಪತ್ರೆಗೆ ಹೋದರೆ, ಯಾವಾಗ ಮತ್ತು ಎಷ್ಟು ಹೊತ್ತು ಆಡಿದ್ದು ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ.

* ಒಂದೇ ಅಂಕಿಯಿಂದ ತೀರ್ಮಾನವಾಗುವುದಿಲ್ಲ. ವೈದ್ಯರು ರೋಗಲಕ್ಷಣ, ಇಸಿಜಿ ಮತ್ತು ಕೆಲವು ಗಂಟೆಗಳ ಬಳಿಕದ ಮರುಪರೀಕ್ಷೆಯನ್ನು ಒಟ್ಟಾಗಿ ನೋಡುತ್ತಾರೆ.

* ತೊಂದರೆಯೇ ಇಲ್ಲದವರು ಓಟದ ಮರುದಿನ ಸುಮ್ಮನೆ ಈ ಪರೀಕ್ಷೆ ಮಾಡಿಸಿ ಚಿಂತೆ ತಂದುಕೊಳ್ಳಬೇಡಿ.

* ಎದೆನೋವು, ಉಸಿರಾಟದ ತೊಂದರೆ ಇದ್ದರೆ ಅಥವಾ ಆಡುತ್ತಿರುವಾಗಲೇ ಪ್ರಜ್ಞೆ ತಪ್ಪಿದರೆ "ಸುಸ್ತು, ಸರಿಹೋಗುತ್ತದೆ" ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.

* ಜ್ವರವಿರುವಾಗ ಮಕ್ಕಳನ್ನು ಪಂದ್ಯಕ್ಕೆ ಇಳಿಸಬೇಡಿ. ವೈರಸ್ ಸೋಂಕಿನಿಂದ ಹೃದಯದ ಸ್ನಾಯು ಉರಿಯೂತಗೊಂಡಿದ್ದರೆ ಶ್ರಮ ಅಪಾಯಕಾರಿ.

* ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿಯೇ ಹಠಾತ್ತನೆ ತೀರಿಕೊಂಡಿದ್ದರೆ, ಮಗುವನ್ನು ಕ್ರೀಡೆಗೆ ಸೇರಿಸುವ ಮೊದಲು ವೈದ್ಯರಿಗೆ ತೋರಿಸಿ.

ಇದನ್ನೋದಿ ಯಾರೂ ಮಕ್ಕಳನ್ನು ಮನೆಯೊಳಗೆ ಕೂರಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ, ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ ಅಗತ್ಯ. ವರ್ಷವಿಡೀ ಕುಳಿತಿದ್ದು, ಕ್ರೀಡಾಕೂಟದ ದಿನ ಮಾತ್ರ ಹಗ್ಗಜಗ್ಗಾಟಕ್ಕೆ ಇಳಿಯುವ ಅಭ್ಯಾಸವನ್ನು ಬಿಡೋಣ. ದಿನವೂ ಸ್ವಲ್ಪ ಸ್ವಲ್ಪ ನಡೆದು ಪಳಗಿದ ಹೃದಯವೇ ಅಂದಿನ ಶ್ರಮವನ್ನು ತಾಳಬಲ್ಲದು.