ಕ್ಯಾನ್ಸರ್ ತಪಾಸಣೆ: ವರ್ತಕರು ಮತ್ತು ಸಣ್ಣ ಉದ್ಯಮಿಗಳು ತಿಳಿದಿರಬೇಕಾದ ಸಂಗತಿಗಳು

ಮಾರ್ಚ್ ತಿಂಗಳು ಸಮೀಪಿಸಿದಂತೆ ಪ್ರತಿಯೊಂದು ವ್ಯಾಪಾರ ಸಂಸ್ಥೆಯಲ್ಲಿಯೂ ದಾಸ್ತಾನಿನ ಪರಿಶೀಲನೆ ನಡೆಯುತ್ತದೆ. ನಷ್ಟವಾಗಿದೆ ಎಂಬ ಸಂಶಯ ಇಲ್ಲದಿದ್ದರೂ ಸರಕನ್ನು ಎಣಿಸಿ, ಲೆಕ್ಕದ ಪುಸ್ತಕದೊಡನೆ ತಾಳೆ ನೋಡಲಾಗುತ್ತದೆ. ಆದರೆ ಅದೇ ಸಂಸ್ಥೆಯ ಮಾಲೀಕರು ತಮ್ಮ ದೇಹದ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ಕ್ರಮವನ್ನು ಅನುಸರಿಸುವುದುಂಟು. ನೋವು ಕಾಣಿಸಿಕೊಳ್ಳುವ ತನಕ ವೈದ್ಯರ ಬಳಿಗೆ ಹೋಗುವುದಿಲ್ಲ. ಕಾಣಿಸಿಕೊಂಡ ಮೇಲೆಯೂ "ಸೀಸನ್ ಮುಗಿಯಲಿ" ಎಂದು ಮುಂದೂಡುತ್ತಾರೆ. ಏಕಮಾಲೀಕತ್ವದ ಸಂಸ್ಥೆಯಲ್ಲಿ ಖರೀದಿ, ವಸೂಲಿ, ಬ್ಯಾಂಕಿನ ವ್ಯವಹಾರ, ಚೆಕ್ಕಿನ ಸಹಿ ಎಲ್ಲವೂ ಒಬ್ಬರ ಕೈಯಲ್ಲಿರುತ್ತವೆ. ಅವರು ಆರು ತಿಂಗಳು ಹಾಸಿಗೆ ಹಿಡಿದರೆ ಕುಟುಂಬದ ಜೊತೆಗೆ ಸಂಸ್ಥೆಯೂ, ಅದನ್ನು ನಂಬಿದ ಕೆಲಸಗಾರರೂ ಸಂಕಷ್ಟಕ್ಕೆ ಸಿಲುಕುತ್ತಾರೆ. ಆದ್ದರಿಂದ ಕ್ಯಾನ್ಸರ್ ತಪಾಸಣೆಯನ್ನು ವ್ಯವಹಾರದ ದೃಷ್ಟಿಯಿಂದಲೂ ಪರಿಶೀಲಿಸುವುದು ಅಗತ್ಯ.

ಅರಿವು ಬೇರೆ, ಮಾಹಿತಿ ಬೇರೆ

ಕ್ಯಾನ್ಸರ್ ಎಂಬ ಹೆಸರನ್ನು ಕೇಳದವರಿಲ್ಲ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ಶೇ. 1.9 ಮಾತ್ರ. ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ. 0.9. ಅದೇ ವಯಸ್ಸಿನ ಪುರುಷರಲ್ಲಿ ಬಾಯಿಯ ತಪಾಸಣೆ ಮಾಡಿಸಿಕೊಂಡವರು ಶೇ. 1.2.

ರೋಗದ ಭಯ ಇರುವುದು ಒಂದು, ಯಾವ ಅಂಗಕ್ಕೆ, ಯಾವ ವಯಸ್ಸಿನಲ್ಲಿ, ಯಾವ ಪರೀಕ್ಷೆಯನ್ನು, ಎಲ್ಲಿ ಮಾಡಿಸಬೇಕು ಎಂಬ ನಿರ್ದಿಷ್ಟ ಮಾಹಿತಿ ಇರುವುದು ಇನ್ನೊಂದು. ಮೊದಲನೆಯದು ಮಾತ್ರ ಇದ್ದಾಗ ಮನುಷ್ಯ ಪರೀಕ್ಷೆಯಿಂದ ದೂರ ಸರಿಯುತ್ತಾನೆ. ಎರಡನೆಯದು ಅವನನ್ನು ಆಸ್ಪತ್ರೆಯ ಬಾಗಿಲಿಗೆ ತಲುಪಿಸುತ್ತದೆ.

ದೇಶದಲ್ಲಿಯೇ ನಡೆದ ಅಧ್ಯಯನಗಳು

ಈ ವಿಷಯದಲ್ಲಿ ವಿದೇಶದ ಅಂಕಿಅಂಶಗಳನ್ನು ಅವಲಂಬಿಸಬೇಕಾಗಿಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 1998ರಲ್ಲಿ ಆ ನಗರದ 20 ಕೊಳೆಗೇರಿ ಸಮೂಹಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನವನ್ನು ಆರಂಭಿಸಿತು. ಹತ್ತು ಸಮೂಹಗಳ ಮಹಿಳೆಯರಿಗೆ ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ನೀಡಲಾಯಿತು. ಉಳಿದ ಹತ್ತು ಸಮೂಹಗಳಲ್ಲಿ ಎರಡು ವರ್ಷಕ್ಕೊಮ್ಮೆ ತಪಾಸಣೆಯನ್ನೂ ನಡೆಸಲಾಯಿತು. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳು ದ್ರಾವಣವನ್ನು, ಅಂದರೆ ಅಡುಗೆಮನೆಯ ವಿನೆಗರ್‌ನಂತಹ ದ್ರಾವಣವನ್ನು ಹಚ್ಚಿ ಕಣ್ಣಿನಿಂದ ನೋಡುವ ಸರಳ ವಿಧಾನವದು. ತಪಾಸಣೆ ನಡೆಸಿದವರು ವೈದ್ಯರಲ್ಲ. ಹತ್ತನೆಯ ತರಗತಿಯವರೆಗೆ ಓದಿ ಕೆಲವು ವಾರಗಳ ತರಬೇತಿ ಪಡೆದ ಸ್ಥಳೀಯ ಮಹಿಳೆಯರು. ಹನ್ನೆರಡು ವರ್ಷಗಳ ನಂತರ ಲೆಕ್ಕ ಹಾಕಿದಾಗ, ತಪಾಸಣೆ ನಡೆದ ಸಮೂಹಗಳಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದಾದ ಸಾವುಗಳು ಶೇ. 31ರಷ್ಟು ಕಡಿಮೆಯಾಗಿದ್ದವು.

ಇದೇ ಅಧ್ಯಯನದಲ್ಲಿ ತರಬೇತಿ ಪಡೆದ ಮಹಿಳೆಯರು ಕೈಯಿಂದ ಮುಟ್ಟಿ ನಡೆಸಿದ ಸ್ತನ ಪರೀಕ್ಷೆಯ ಫಲಿತಾಂಶಗಳು 2021ರಲ್ಲಿ ಪ್ರಕಟವಾದವು. 50 ವರ್ಷ ಮೀರಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಇಳಿದಿತ್ತು. ಅದಕ್ಕಿಂತ ಕಿರಿಯರಲ್ಲಿ ಸಾವಿನ ಪ್ರಮಾಣ ಗಣನೀಯವಾಗಿ ಇಳಿದಿರಲಿಲ್ಲ ಎಂಬುದೂ ಗಮನಾರ್ಹ. ಕಲಬುರಗಿ ಜಿಲ್ಲೆಯ ಗಡಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1,31,746 ಗ್ರಾಮೀಣ ಮಹಿಳೆಯರನ್ನು ಒಳಗೊಂಡ ಅಧ್ಯಯನವು 2009ರಲ್ಲಿ ಪ್ರಕಟವಾಯಿತು. ಎಚ್‌ಪಿವಿ ವೈರಾಣುವಿನ ಪರೀಕ್ಷೆಯನ್ನು ಒಂದೇ ಒಂದು ಬಾರಿ ನಡೆಸಿದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವುಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಕೇರಳದ ತಿರುವನಂತಪುರದಲ್ಲಿ 1996ರಿಂದ ಬಾಯಿಯ ತಪಾಸಣೆ ನಡೆಸಲಾಗಿ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಅಲ್ಲಿ ಬಳಸಿದ ಮುಖ್ಯ ಸಾಧನಗಳು ಬೆಳಕು ಮತ್ತು ತರಬೇತಿ ಪಡೆದ ಕಣ್ಣು.

ಇವುಗಳ ಸಾರಾಂಶ ಸ್ಪಷ್ಟ. ಭಾಷಣ, ಭಿತ್ತಿಪತ್ರಗಳಷ್ಟೇ ಸಾಲವು. ಮಾಹಿತಿಯ ಬೆನ್ನಿಗೇ ತಪಾಸಣೆ, ತಪಾಸಣೆಯ ಬೆನ್ನಿಗೇ ಚಿಕಿತ್ಸೆ ದೊರೆತಾಗ ಮಾತ್ರ ಜೀವ ಉಳಿಯುತ್ತದೆ. ಈ ಕೆಲಸಕ್ಕೆ ದುಬಾರಿ ಯಂತ್ರಗಳು ಅನಿವಾರ್ಯವೂ ಅಲ್ಲ.

ನಷ್ಟ ತರುವ ತಪ್ಪು ಕಲ್ಪನೆಗಳು

ಮೊದಲನೆಯದು, "ನೋವಿಲ್ಲದ ಗಂಟಿನಿಂದ ಅಪಾಯವಿಲ್ಲ" ಎಂಬುದು. ವಾಸ್ತವವಾಗಿ ಸ್ತನದಲ್ಲಿ ಆರಂಭವಾಗುವ ಕ್ಯಾನ್ಸರ್ ಗಂಟು ಬಹುಮಟ್ಟಿಗೆ ನೋವು ಕೊಡುವುದಿಲ್ಲ. ಎರಡನೆಯದು, "ಸೂಜಿ ಚುಚ್ಚಿ ಪರೀಕ್ಷೆಗೆ ತೆಗೆದರೆ ರೋಗ ಹರಡುತ್ತದೆ" ಎಂಬುದು. ಬಯಾಪ್ಸಿ ಇಲ್ಲದೆ ರೋಗದ ಸ್ವರೂಪವನ್ನು ಖಚಿತಪಡಿಸಿ ಸೂಕ್ತ ಚಿಕಿತ್ಸೆಯನ್ನು ಆರಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಈ ಭಯದಿಂದ ಕಳೆಯುವ ತಿಂಗಳುಗಳಲ್ಲಿಯೇ ರೋಗ ಮುಂದಿನ ಹಂತಕ್ಕೆ ಹೋಗುತ್ತದೆ. ಮೂರನೆಯದು, "ತಂಬಾಕು ಇಲ್ಲದ ಅಡಿಕೆಯಿಂದ ತೊಂದರೆಯಿಲ್ಲ" ಎಂಬುದು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯ ವಹಿವಾಟು ನಡೆಯುವ ನಾಡಿನಲ್ಲಿ ಇದು ಅಪ್ರಿಯವಾದ ಸಂಗತಿಯಾದರೂ ಮುಚ್ಚಿಡುವಂತಹದ್ದಲ್ಲ. ಅಡಿಕೆ ಜಗಿಯುವವರ ಬಾಯಿ ಮೊದಲಿನಷ್ಟು ಅಗಲವಾಗಿ ತೆರೆಯದಿದ್ದರೆ ಕೂಡಲೇ ದಂತವೈದ್ಯರನ್ನು ಕಾಣಬೇಕು.

ಹೆಚ್ಚು ಪರೀಕ್ಷೆ ಎಂದರೆ ಹೆಚ್ಚು ರಕ್ಷಣೆಯಲ್ಲ

ಇಂದು "ಸಂಪೂರ್ಣ ದೇಹ ತಪಾಸಣೆ" ಎಂಬ ಪ್ಯಾಕೇಜುಗಳು ಧಾರಾಳವಾಗಿ ಮಾರಾಟವಾಗುತ್ತಿವೆ. ಇವುಗಳಲ್ಲಿ ಸೇರಿಸುವ ಟ್ಯೂಮರ್ ಮಾರ್ಕರ್ ರಕ್ತಪರೀಕ್ಷೆಗಳಲ್ಲಿ ಹಲವು, ರೋಗ ಖಚಿತವಾದವರ ಚಿಕಿತ್ಸೆಯನ್ನು ಗಮನಿಸಲು ಉಪಯುಕ್ತವೇ ಹೊರತು ಆರೋಗ್ಯವಂತರ ಸಾಮಾನ್ಯ ತಪಾಸಣೆಗೆ ಅಲ್ಲ. ದಕ್ಷಿಣ ಕೊರಿಯಾದಲ್ಲಿ ಆರೋಗ್ಯವಂತರಿಗೂ ಥೈರಾಯ್ಡ್ ಗ್ರಂಥಿಯ ಅಲ್ಟ್ರಾಸೌಂಡ್ ಮಾಡುವ ರೂಢಿ ವ್ಯಾಪಕವಾದ ಪರಿಣಾಮ, 1993ಕ್ಕೆ ಹೋಲಿಸಿದರೆ 2011ರಲ್ಲಿ ಆ ಕ್ಯಾನ್ಸರಿನ ಪತ್ತೆ ಪ್ರಮಾಣ 15 ಪಟ್ಟು ಏರಿತು. ಸಾವಿನ ಪ್ರಮಾಣ ಮಾತ್ರ ಬದಲಾಗಲಿಲ್ಲ. ಸಾವಿರಾರು ಜನ ಅನಗತ್ಯ ಶಸ್ತ್ರಚಿಕಿತ್ಸೆಗೆ ಒಳಗಾದರು. ಸರಕನ್ನು ಖರೀದಿಸುವಾಗ ಅಗತ್ಯವನ್ನು ವಿಚಾರಿಸುವ ವ್ಯಾಪಾರಿಯು ಪರೀಕ್ಷೆಯನ್ನು ಖರೀದಿಸುವಾಗಲೂ ವಿಚಾರಿಸಬೇಕು.

ಯಾರಿಗೆ ಯಾವ ತಪಾಸಣೆ

ಕೇಂದ್ರ ಆರೋಗ್ಯ ಸಚಿವಾಲಯದ 2016ರ ಮಾರ್ಗಸೂಚಿಯು 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ತಪಾಸಣೆಯನ್ನು ಸೂಚಿಸುತ್ತದೆ: ಪುರುಷರು ಮತ್ತು ಮಹಿಳೆಯರಿಗೆ ಬಾಯಿ, ಮಹಿಳೆಯರಿಗೆ ಸ್ತನ ಹಾಗೂ ಗರ್ಭಕಂಠ. ಎಚ್‌ಪಿವಿ ಪರೀಕ್ಷೆ ಲಭ್ಯವಿರುವ ಕಡೆ ಅದನ್ನು 30ನೇ ವಯಸ್ಸಿನಿಂದ ಐದರಿಂದ ಹತ್ತು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತಿಳಿಸಿದೆ. ಎರಡು-ಮೂರು ವಾರಗಳಲ್ಲಿ ವಾಸಿಯಾಗದ ಬಾಯಿಹುಣ್ಣು, ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ ಇವು ಕಂಡುಬಂದರೆ ಮುಂದಿನ ತಪಾಸಣೆಯ ವರ್ಷಕ್ಕಾಗಿ ಕಾಯದೆ ತಕ್ಷಣ ವೈದ್ಯರನ್ನು ಕಾಣಬೇಕು. ಮನೆಯ ಹೆಣ್ಣುಮಕ್ಕಳಿಗೆ 9ರಿಂದ 14ನೇ ವಯಸ್ಸಿನಲ್ಲಿ ಹಾಕಿಸುವ ಎಚ್‌ಪಿವಿ ಲಸಿಕೆಯು ಗರ್ಭಕಂಠದ ಕ್ಯಾನ್ಸರ್ ಬಾರದಂತೆ ತಡೆಯುವ ಪ್ರಮುಖ ಕ್ರಮ. ಆದರೆ ಲಸಿಕೆ ಪಡೆದವರಿಗೂ ಮುಂದೆ ತಪಾಸಣೆ ಬೇಕು.

ತೆರಿಗೆ ಮತ್ತು ಕಾನೂನಿನ ಅಂಶಗಳು

1. 1961ರ ಆದಾಯ ತೆರಿಗೆ ಕಾಯ್ದೆಯ 80ಡಿ ಕಲಮಿನಲ್ಲಿ, ಆರೋಗ್ಯ ವಿಮೆಯ ಒಟ್ಟು ಮಿತಿಯೊಳಗೆ, ಮುಂಜಾಗ್ರತಾ ಆರೋಗ್ಯ ತಪಾಸಣೆಯ ವೆಚ್ಚಕ್ಕೆ ರೂ. 5,000ದವರೆಗೆ ಕಡಿತ ಒದಗಿಸಲಾಗಿತ್ತು. ವಿಮಾ ಕಂತನ್ನು ನಗದಾಗಿ ಕಟ್ಟಿದರೆ ಕಡಿತ ಸಿಗದು. ತಪಾಸಣೆಯ ವೆಚ್ಚವನ್ನು ನಗದಾಗಿ ಕೊಟ್ಟರೂ ಸಿಗುತ್ತದೆ. 2025ರ ಹೊಸ ಕಾಯ್ದೆಯಲ್ಲಿಯೂ ಈ ಸೌಲಭ್ಯ ಮುಂದುವರಿದಿದೆ. ಶೇ. 30ರ ದರದಲ್ಲಿ ತೆರಿಗೆ ಕಟ್ಟುವವರಿಗೆ ಸೆಸ್ ಸೇರಿ ರೂ. 1,560 ಉಳಿತಾಯ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಇದು ದೊರೆಯದು.

2. ನೌಕರರ ತಪಾಸಣೆಗೆ ಸಂಸ್ಥೆ ಮಾಡುವ ವೆಚ್ಚ ನೌಕರರ ಕಲ್ಯಾಣ ವೆಚ್ಚವಾಗಿದ್ದು, ಯಾವ ತೆರಿಗೆ ಪದ್ಧತಿಯಲ್ಲಿದ್ದರೂ ವ್ಯವಹಾರದ ಖರ್ಚಾಗಿ ಪರಿಗಣನೆಗೆ ಬರುತ್ತದೆ. ಮಾಲೀಕರ ಸ್ವಂತ ತಪಾಸಣೆಯ ಬಿಲ್ಲನ್ನು ಇದರಲ್ಲಿ ಸೇರಿಸುವಂತಿಲ್ಲ. ಅದು ಡ್ರಾಯಿಂಗ್ಸ್ ಖಾತೆಗೆ ಹೋಗಬೇಕು.

3. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 40 ವರ್ಷ ಮೀರಿದ ಕಾರ್ಮಿಕರಿಗೆ ಉದ್ಯೋಗದಾತರು ಪ್ರತಿ ವರ್ಷ ಉಚಿತ ಆರೋಗ್ಯ ತಪಾಸಣೆ ಒದಗಿಸಬೇಕೆಂದು ಆ ಸಂದರ್ಭದಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದೆ. ಹೇಗೂ ನಡೆಸಬೇಕಾದ ಈ ತಪಾಸಣೆಯಲ್ಲಿ ಬಾಯಿಯ ಪರೀಕ್ಷೆಯನ್ನು ಸೇರಿಸಿಕೊಳ್ಳಲು ಹೆಚ್ಚುವರಿ ಖರ್ಚು ಅತ್ಯಲ್ಪ.

4. ಇಎಸ್‌ಐ ವ್ಯಾಪ್ತಿಯ ನೌಕರರಿಗೆ, ಎರಡು ವರ್ಷಗಳ ಸತತ ವಿಮಾ ಉದ್ಯೋಗ ಹಾಗೂ ನಿಗದಿತ ದಿನಗಳ ವಂತಿಗೆ ಇದ್ದಲ್ಲಿ, ಕ್ಯಾನ್ಸರಿನಂತಹ ದೀರ್ಘಕಾಲದ ಕಾಯಿಲೆಗೆ ವೇತನದ ಶೇ. 80ರಷ್ಟು ವಿಸ್ತೃತ ಅನಾರೋಗ್ಯ ಭತ್ಯೆ ಎರಡು ವರ್ಷದವರೆಗೆ ದೊರೆಯಬಹುದು. ವಂತಿಗೆ ತಪ್ಪಿದರೆ ನೌಕರ ಈ ಹಕ್ಕನ್ನು ಕಳೆದುಕೊಳ್ಳುವ ಅಪಾಯವಿದೆ.

5. ಆರೋಗ್ಯ ವಿಮೆಯನ್ನು ರೋಗ ಪತ್ತೆಯಾದ ಮೇಲೆ ಕೊಳ್ಳಲು ಹೊರಟರೆ ಕಾಲ ಮೀರಿರುತ್ತದೆ. ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯುವ ಅವಧಿಯನ್ನು ವಿಧಿಸಲು ಕಂಪನಿಗಳಿಗೆ ಅವಕಾಶವಿದೆ; ಪ್ರಸ್ತಾವವನ್ನು ತಿರಸ್ಕರಿಸುವ ಸಾಧ್ಯತೆಯೂ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗಿನ ಚಿಕಿತ್ಸೆ ಲಭ್ಯ. ಎಪಿಎಲ್ ಕುಟುಂಬಗಳಿಗೆ ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟು ನೆರವಿದೆ, ಉಳಿದದ್ದು ಸ್ವಂತ ಜೇಬಿನಿಂದಲೇ. ಬಹುಪಾಲು ವರ್ತಕರು ಈ ಎರಡನೆಯ ವರ್ಗಕ್ಕೆ ಸೇರಿದವರು.

ಸಂಸ್ಥೆಗಳು ಕೈಗೊಳ್ಳಬಹುದಾದ ಕ್ರಮ

ಹತ್ತು-ಹನ್ನೆರಡು ಜನ ಕೆಲಸ ಮಾಡುವ ಘಟಕಕ್ಕೆ ಪ್ರತ್ಯೇಕ ಶಿಬಿರ ನಡೆಸುವುದು ಕಷ್ಟ. ಒಂದೇ ಕೈಗಾರಿಕಾ ವಸಾಹತಿನ ಅಥವಾ ಒಂದೇ ಮಾರುಕಟ್ಟೆಯ ಸಂಸ್ಥೆಗಳು ಕೂಡಿಕೊಂಡು ವರ್ಷಕ್ಕೊಂದು ದಿನವನ್ನು ಗೊತ್ತುಮಾಡಿ, ಸ್ಥಳೀಯ ಆರೋಗ್ಯ ಕೇಂದ್ರ ಅಥವಾ ದಂತವೈದ್ಯಕೀಯ ಕಾಲೇಜಿನ ನೆರವನ್ನು ಕೋರಬಹುದು. ಆ ದಿನದ ಕೂಲಿಯನ್ನು ಕಡಿತ ಮಾಡಬಾರದು. ಕೂಲಿ ಹೋಗುತ್ತದೆಂಬ ಅಳುಕೂ ಕೆಲಸಗಾರರನ್ನು ತಪಾಸಣೆಯಿಂದ ದೂರವಿಡುತ್ತದೆ. ಮಹಿಳಾ ಕೆಲಸಗಾರರಿಗೆ ಮಹಿಳಾ ಸಿಬ್ಬಂದಿ ಮತ್ತು ಮರೆಯಿರುವ ಕೊಠಡಿ ಅವಶ್ಯ. ಫಲಿತಾಂಶವು ಸಂಬಂಧಪಟ್ಟ ವ್ಯಕ್ತಿಗೆ ಮಾತ್ರ ತಿಳಿಯಬೇಕು. ಕೆಲಸ ಕಳೆದುಕೊಳ್ಳುವ ಭಯವಿರುವಲ್ಲಿ ಯಾರೂ ಮುಂದೆ ಬರಲಾರರು.

ಸಂಶಯ ಕಂಡುಬಂದವರನ್ನು ಮುಂದಿನ ಪರೀಕ್ಷೆಗೆ ಎಲ್ಲಿಗೆ ಕಳುಹಿಸಬೇಕೆಂಬುದನ್ನು ಶಿಬಿರಕ್ಕೆ ಮೊದಲೇ ನಿಶ್ಚಯಿಸಿಕೊಂಡಿರಬೇಕು. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ಸರ್ಕಾರಿ ಕೇಂದ್ರಗಳು ರಾಜ್ಯದಲ್ಲಿವೆ. ಅಲ್ಲಿಗೆ ಹೋದವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ರಜೆ ಮತ್ತು ಪ್ರಯಾಣದ ಮುಂಗಡದ ವಿಷಯದಲ್ಲಿ ಮಾಲೀಕರ ಸಹಕಾರ ಅಲ್ಲಿ ನೆರವಿಗೆ ಬರುತ್ತದೆ.

ಆಡಿಟ್ ವರದಿಯಲ್ಲಿ ಆಕ್ಷೇಪಣೆ ಇಲ್ಲವೆಂದ ಮಾತ್ರಕ್ಕೆ ಮುಂದಿನ ವರ್ಷ ಆಡಿಟ್ ಬೇಡವೆಂದು ಯಾರೂ ಹೇಳುವುದಿಲ್ಲ. ತಪಾಸಣೆಗೂ ಇದೇ ನಿಯಮ ಅನ್ವಯಿಸುತ್ತದೆ. ಒಮ್ಮೆ ಬಂದ "ತೊಂದರೆಯಿಲ್ಲ" ಎಂಬ ವರದಿ ಜೀವಮಾನದ ಪ್ರಮಾಣಪತ್ರವಲ್ಲ. ಮುಂದಿನ ತಪಾಸಣೆಯ ದಿನಾಂಕವನ್ನು ರಿಟರ್ನ್ ಸಲ್ಲಿಕೆಯ ದಿನಾಂಕಗಳ ಜೊತೆಯಲ್ಲಿಯೇ ಅಂಗಡಿಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳಿತು.