ಎಂಟು ಗಂಟೆ ಮಲಗಿಯೂ ಆಯಾಸವೇಕೆ?

ರಾತ್ರಿ ಹತ್ತು ಗಂಟೆಗೆ ಮಲಗಿ ಬೆಳಗ್ಗೆ ಆರು ಗಂಟೆಗೆ ಎದ್ದವನು ಎಂಟು ಗಂಟೆಗಳ ಕಾಲ ನಿದ್ರಿಸಿದನೆಂದು ನಾವು ಲೆಕ್ಕ ಹಾಕುತ್ತೇವೆ. ಅಷ್ಟು ನಿದ್ರಿಸಿದ ಹುಡುಗನೊಬ್ಬ ಬೆಳಗ್ಗೆ ತಲೆ ಭಾರವಾಗಿ, ಕಣ್ಣುಜ್ಜಿಕೊಳ್ಳುತ್ತ ಹಾಸಿಗೆಯ ಅಂಚಿನಲ್ಲಿ ಕುಳಿತಿದ್ದರೆ ಮನೆಯವರು ಅದಕ್ಕೆ ಸೋಮಾರಿತನವೆಂದು ಹೆಸರಿಡುತ್ತಾರೆ. ಕೆಲವು ದಿನ ಈ ಮಾತನ್ನು ಕೇಳಿದ ಮೇಲೆ ಹುಡುಗನೂ ಅದನ್ನೇ ನಂಬಿಬಿಡುತ್ತಾನೆ. ಗಂಟೆಗಳ ಲೆಕ್ಕ ಸರಿಯಾಗಿದೆ, ಆದ್ದರಿಂದ ದೋಷವು ಹುಡುಗನದೇ ಎಂಬುದು ಇಲ್ಲಿಯ ತರ್ಕ. ಆದರೆ ಗಂಟೆಯೆಂಬುದು ನಿದ್ರೆಯನ್ನು ಅಳೆಯಲು ತಕ್ಕ ಮಾನವೇ? ಅನ್ನದ ಪಾತ್ರೆ ಒಲೆಯ ಮೇಲೆ ಎಷ್ಟು ಹೊತ್ತು ಇತ್ತೆಂದು ತಿಳಿದ ಮಾತ್ರಕ್ಕೆ ಅಕ್ಕಿ ಬೆಂದಿತೇ ಇಲ್ಲವೇ ಎಂದು ಹೇಳಲಾಗದು. ಒಲೆಯಲ್ಲಿ ಉರಿ ಎಷ್ಟಿತ್ತು, ಅದು ನಡುನಡುವೆ ಆರಿಹೋಗುತ್ತಿತ್ತೇ ಎಂಬುದೂ ತಿಳಿಯಬೇಕು.

ನಿದ್ರೆಯ ಈ ಉರಿಯನ್ನು ಅಳೆಯುವ ಉಪಾಯ ಕಳೆದ ಶತಮಾನದವರೆಗೆ ಯಾರಿಗೂ ತಿಳಿದಿರಲಿಲ್ಲ. ಅದು ದೊರೆತ ಬಗೆ ವಿಚಿತ್ರವಾದುದು. ಜರ್ಮನಿಯ ಹಾನ್ಸ್ ಬರ್ಗರ್ ತರುಣನಾಗಿ ಸೈನ್ಯದಲ್ಲಿದ್ದಾಗ ಕುದುರೆಯ ಮೇಲಿಂದ ಬಿದ್ದು, ಫಿರಂಗಿಯ ಗಾಲಿಯಡಿ ಸಿಕ್ಕುವುದರಿಂದ ಕೂದಲೆಳೆಯಷ್ಟರಲ್ಲಿ ಪಾರಾದನು. ಅದೇ ದಿನ ದೂರದ ಊರಿನಲ್ಲಿದ್ದ ಅವನ ಸೋದರಿಗೆ ಅವನಿಗೇನೋ ಆಗಿದೆಯೆಂಬ ಕಳವಳ ಹುಟ್ಟಿ, ತಂದೆಯಿಂದ ತಂತಿ ಬಂದಿತು. ಮನಸ್ಸಿನಿಂದ ಮನಸ್ಸಿಗೆ ಯಾವುದೋ ಶಕ್ತಿ ಹರಿಯುತ್ತದೆಂದು ನಂಬಿದ ಬರ್ಗರ್ ಮುಂದೆ ಯೇನಾ ನಗರದಲ್ಲಿ ಮನೋವೈದ್ಯನಾಗಿ ಅದನ್ನು ಹುಡುಕುತ್ತ ಬಹು ವರ್ಷಗಳನ್ನು ಕಳೆದನು. ಆ ಶಕ್ತಿ ಅವನಿಗೆ ಸಿಕ್ಕಲಿಲ್ಲ. ಆದರೆ ೧೯೨೪ರಲ್ಲಿ ಮನುಷ್ಯನ ತಲೆಯ ಮೇಲೆ ಏರಿಳಿಯುವ ವಿದ್ಯುದ್ವಿಭವ ಸಿಕ್ಕಿತು. ಐದು ವರ್ಷಗಳ ಅನಂತರ, ೧೯೨೯ರಲ್ಲಿ, ಅವನು ಅದನ್ನು ಪ್ರಕಟಿಸಿದನು. ತಪ್ಪು ದಾರಿ ಹಿಡಿದು ಸರಿಯಾದ ಊರನ್ನು ಸೇರುವುದು ವಿಜ್ಞಾನದಲ್ಲಿ ಅಪರೂಪವೇನೂ ಅಲ್ಲ.

ಈ ವಿಭವ ಎಷ್ಟು ಅಲ್ಪವೆಂಬುದನ್ನು ನೋಡಿರಿ. ಕೈದೀಪದ ಒಂದು ಶುಷ್ಕಕೋಶದ ವಿಭವ ೧.೫ ವೋಲ್ಟ್. ಮಿದುಳಿನ ಅಲೆಯೊಂದು ೫೦ ಮೈಕ್ರೋವೋಲ್ಟ್ ಎಂದುಕೊಂಡರೆ ಅದು ಆ ಕೋಶದ ಮೂವತ್ತು ಸಾವಿರದಲ್ಲೊಂದು ಪಾಲು. ಕಣ್ಣು ಮುಚ್ಚಿ ಸುಮ್ಮನೆ ಕುಳಿತವನ ಮಿದುಳಿನಲ್ಲಿ ಸೆಕೆಂಡಿಗೆ ೮ರಿಂದ ೧೩ ಅಲೆಗಳು ಕಾಣುತ್ತವೆ. ನಿದ್ರೆ ಆಳವಾದಂತೆ ಅಲೆಗಳು ನಿಧಾನವಾಗಿ, ಎತ್ತರವಾಗಿ, ಕೊನೆಗೆ ಸೆಕೆಂಡಿಗೆ ಒಂದೆರಡು ಮಾತ್ರ ಏಳುತ್ತವೆ. ವಾಲ್ ಸ್ಟ್ರೀಟಿನಲ್ಲಿ ಸಂಪಾದಿಸಿದ ಹಣದಿಂದ ಸ್ವಂತ ಪ್ರಯೋಗಶಾಲೆ ಕಟ್ಟಿಕೊಂಡಿದ್ದ ಅಮೆರಿಕದ ಆಲ್ಫ್ರೆಡ್ ಲೂಮಿಸ್ ೧೯೩೭ರಲ್ಲಿ ತನ್ನ ಸಂಗಡಿಗರೊಡನೆ ಈ ಅಲೆಗಳನ್ನಾಧರಿಸಿ ನಿದ್ರೆಯನ್ನು ಹಂತಗಳಾಗಿ ವಿಂಗಡಿಸಿದನು. ೧೯೫೩ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಮತ್ತೊಂದು ಬಗೆಯ ನಿದ್ರೆಯನ್ನು ಗುರುತಿಸಿದರು. ಇದರಲ್ಲಿ ಮುಚ್ಚಿದ ರೆಪ್ಪೆಗಳ ಹಿಂದೆ ಕಣ್ಣುಗುಡ್ಡೆಗಳು ಚುರುಕಾಗಿ ಆಡುತ್ತವೆ, ಅಲೆಗಳು ಎಚ್ಚರದ ಅಲೆಗಳನ್ನು ಹೋಲುತ್ತವೆ. ಆ ಹೊತ್ತಿನಲ್ಲಿ ಎಬ್ಬಿಸಿದರೆ ಮಲಗಿದ್ದವನು ಹೆಚ್ಚಾಗಿ ಕನಸನ್ನು ಹೇಳುತ್ತಾನೆ.

ಹೀಗೆ ಇಡೀ ರಾತ್ರಿಯ ನಕ್ಷೆ ತಯಾರಾಯಿತು. ನಾವು ಸುಮಾರು ತೊಂಬತ್ತು ನಿಮಿಷಗಳಿಗೊಮ್ಮೆ ಆಳಕ್ಕಿಳಿದು, ಮೇಲಕ್ಕೆ ಬಂದು, ಕನಸಿನ ನಿದ್ರೆಯನ್ನು ಮುಟ್ಟಿ, ಮತ್ತೆ ಇಳಿಯುತ್ತೇವೆ. ಇಂತಹ ನಾಲ್ಕೈದು ಸುತ್ತುಗಳು ಒಂದು ರಾತ್ರಿಗೆ. ಆಳನಿದ್ರೆಯ ಬಹುಭಾಗ ರಾತ್ರಿಯ ಮೊದಲ ಮೂರನೆಯ ಒಂದು ಪಾಲಿನಲ್ಲಿಯೇ ಮುಗಿಯುತ್ತದೆ. ಕನಸಿನ ನಿದ್ರೆ ಬೆಳಗಿನ ಜಾವದ ಕಡೆಗೆ ದೀರ್ಘವಾಗುತ್ತದೆ.

ಈಗ ಎಚ್ಚರದ ವಿಷಯಕ್ಕೆ ಬರೋಣ. ದೀಪದ ಗುಂಡಿ ಒತ್ತಿದಂತೆ ಮಿದುಳು ಒಮ್ಮೆಲೇ ಬೆಳಗುವುದಿಲ್ಲ. ನಿಶ್ಚಲವಾದ ವಸ್ತು ನಿಶ್ಚಲವಾಗಿಯೇ ಉಳಿಯಲು ಯತ್ನಿಸುವ ಗುಣಕ್ಕೆ ಜಡತ್ವವೆಂಬ ಹೆಸರನ್ನು ನಾವು ತರಗತಿಯಲ್ಲಿ ಹೇಳಿಕೊಡುತ್ತೇವಷ್ಟೆ. ಎದ್ದೊಡನೆಯ ಮಂಕಿಗೂ ವಿಜ್ಞಾನಿಗಳು ನಿದ್ರಾಜಡತ್ವವೆಂದೇ ಹೆಸರಿಟ್ಟಿದ್ದಾರೆ. ಎಚ್ಚರವಾದಾಗ ಮಿದುಳಿನ ಬುಡದ ಭಾಗಗಳಿಗೆ ರಕ್ತ ಬೇಗ ನುಗ್ಗುತ್ತದೆ. ಯೋಜಿಸುವ, ತೂಗಿನೋಡುವ ಹಣೆಯ ಹಿಂದಿನ ಭಾಗ ಕೊನೆಗೆ ಚೇತರಿಸಿಕೊಳ್ಳುತ್ತದೆ. ಆದ್ದರಿಂದ ಎದ್ದವನು ನಡೆಯಬಲ್ಲ, ಮಾತನಾಡಬಲ್ಲ. ಆದರೆ ಸರಿಯಾಗಿ ನಿರ್ಣಯಿಸಲಾರ. ಸಾಮಾನ್ಯವಾಗಿ ಈ ಸ್ಥಿತಿ ಹದಿನೈದರಿಂದ ಮೂವತ್ತು ನಿಮಿಷ ಇರುತ್ತದೆ. ಆಳನಿದ್ರೆಯಿಂದ ಎಬ್ಬಿಸಿದರೆ, ಅಥವಾ ಹಲವು ದಿನಗಳ ನಿದ್ರೆಯ ಸಾಲ ತಲೆಯ ಮೇಲಿದ್ದರೆ ಇನ್ನೂ ಹೆಚ್ಚು. ಸಾಲಗಾರನ ಮಿದುಳು ಮೊದಲು ಆಳನಿದ್ರೆಯನ್ನೇ ವಸೂಲು ಮಾಡಿಕೊಳ್ಳುವುದರಿಂದ, ವಾರವೆಲ್ಲ ಐದು ಗಂಟೆ ಮಲಗಿ ಒಂದು ರಾತ್ರಿ ಎಂಟು ಗಂಟೆ ಮಲಗಿದವನು ಮರುದಿನ ಇನ್ನಷ್ಟು ಮಂಕಾಗಿ ಏಳುವುದುಂಟು.

ಇದು ಕೇವಲ ಆಕಳಿಕೆಯ ಮಾತೆಂದು ಓದುಗರು ಭಾವಿಸಬಾರದು. ೨೦೧೦ರ ಮೇ ೨೨ರ ಮುಂಜಾನೆ ದುಬೈನಿಂದ ಬಂದ ವಿಮಾನವೊಂದು ಮಂಗಳೂರಿನಲ್ಲಿ ಇಳಿಯುವಾಗ ಓಡುಪಥವನ್ನು ದಾಟಿ ಕಮರಿಗೆ ಬಿದ್ದು ಹೊತ್ತಿಕೊಂಡಿತು. ಅದರಲ್ಲಿದ್ದ ೧೬೬ ಜನರಲ್ಲಿ ೧೫೮ ಜನ ಮಡಿದರು. ವಿಮಾನವು ಇರಬೇಕಾದುದಕ್ಕಿಂತ ಹೆಚ್ಚು ಎತ್ತರದಲ್ಲಿದ್ದರೂ, ಇಳಿಯುವುದನ್ನು ಕೈಬಿಡಿರೆಂದು ಸಹವೈಮಾನಿಕರು ಮೂರು ಸಲ ಹೇಳಿದರೂ, ಕಪ್ತಾನರು ಬಿಡದೆ ಮುಂದುವರಿದುದೇ ನೇರ ಕಾರಣವೆಂದು ತನಿಖಾ ನ್ಯಾಯಾಲಯ ಹೇಳಿತು. ಪ್ರಯಾಣದ ಬಹುಭಾಗ ಕಪ್ತಾನರು ನಿದ್ರಿಸಿದ್ದರೆಂಬುದು ಧ್ವನಿಮುದ್ರಣದಲ್ಲಿ ದಾಖಲಾಗಿದ್ದ ಗೊರಕೆಯಿಂದ ತಿಳಿದುಬಂದಿತು. ಆ ನಿದ್ರೆಯ ಜಡತ್ವದಿಂದ ಅವರ ವಿವೇಚನೆ ಕುಂದಿರಬಹುದೆಂದೂ, ಆ ಹಾರಾಟದ ವೇಳೆ ಶರೀರದ ಚೈತನ್ಯ ಅತ್ಯಂತ ಇಳಿದಿರುವ ವೇಳೆಯಾಗಿತ್ತೆಂದೂ ನ್ಯಾಯಾಲಯ ಸೇರಿಸಿತು.

ಶರೀರದ ಚೈತನ್ಯಕ್ಕೆ ವೇಳೆಯೆಂಬುದುಂಟೆ? ಉಂಟು. ನಾಚಿಕೆಮುಳ್ಳಿನ ಗಿಡವನ್ನು ಕತ್ತಲೆಯಲ್ಲಿ ಇರಿಸಿದರೂ ಅದು ಹಗಲಿನಲ್ಲಿ ಎಲೆ ಬಿಚ್ಚಿ ರಾತ್ರಿ ಮುಚ್ಚುವುದನ್ನು ಫ್ರಾನ್ಸಿನ ಖಗೋಳಜ್ಞ ದ ಮೆರಾಂ ೧೭೨೯ರಷ್ಟು ಹಿಂದೆಯೇ ಕಂಡಿದ್ದನು. ಮನುಷ್ಯನಲ್ಲಿಯೂ ಹೀಗೆಯೇ ಎಂದು ಪರೀಕ್ಷಿಸಲು ಕ್ಲೈಟ್‌ಮನ್ ೧೯೩೮ರಲ್ಲಿ ತನ್ನ ಶಿಷ್ಯ ಬ್ರೂಸ್ ರಿಚರ್ಡ್‌ಸನ್‌ನೊಡನೆ ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ೩೨ ದಿನ ವಾಸಮಾಡಿದನು. ಸೂರ್ಯನಿಲ್ಲದ ಆ ತಣ್ಣನೆಯ ಕತ್ತಲೆಯಲ್ಲಿ ಅವರು ೨೮ ಗಂಟೆಗಳ ದಿನವನ್ನು ತಾವೇ ಕಲ್ಪಿಸಿಕೊಂಡರು. ತರುಣ ಶಿಷ್ಯ ಹೇಗೋ ಹೊಂದಿಕೊಂಡನು. ೪೩ ವಯಸ್ಸಿನ ಗುರುವಿನ ದೇಹದ ಉಷ್ಣತೆ ಮಾತ್ರ ಹಳೆಯ ೨೪ ಗಂಟೆಗಳ ತಾಳವನ್ನೇ ಹಿಡಿದು ಏರಿಳಿಯುತ್ತ, ಅವನನ್ನು ಬೇಡವಾದಾಗ ನಿದ್ರೆಗೆ ಎಳೆಯಿತು, ಬೇಕಾದಾಗ ನಿದ್ರೆಗೊಡಲಿಲ್ಲ. ಮುಂದೆ ಮದುರೆಯ ವಿಶ್ವವಿದ್ಯಾನಿಲಯದಲ್ಲಿ ಎಂ. ಕೆ. ಚಂದ್ರಶೇಖರನ್ ಅವರೂ ಹಗಲಿರುಳುಗಳ ಸುಳಿವಿಲ್ಲದ ಏಕಾಂತದಲ್ಲಿ ಮನುಷ್ಯರ ನಿದ್ರೆ-ಎಚ್ಚರಗಳನ್ನು ಅಭ್ಯಸಿಸಿದರು. ನಮ್ಮ ಒಳಗಡಿಯಾರದ ಸುತ್ತು ಸರಾಸರಿ ೨೪ ಗಂಟೆಗಿಂತ ಸುಮಾರು ಹತ್ತು ನಿಮಿಷ ಹೆಚ್ಚೆಂದು ಈಗ ತಿಳಿದಿದೆ. ಅದನ್ನು ದಿನವೂ ಸರಿಪಡಿಸುವುದು ಬೆಳಗಿನ ಬೆಳಕು.

ವಿದ್ಯಾರ್ಥಿಗಳ ಸಮಸ್ಯೆಯ ಗಂಟು ಬಹುಮಟ್ಟಿಗೆ ಇಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ದೇಹದ ಉಷ್ಣತೆ ನಾವು ರೂಢಿಯಾಗಿ ಏಳುವ ಸಮಯಕ್ಕಿಂತ ಎರಡು ಮೂರು ಗಂಟೆ ಮೊದಲು ಅತ್ಯಂತ ಕೆಳಗಿಳಿಯುತ್ತದೆ. ಆಗ ಎಬ್ಬಿಸಿದರೆ ನಿದ್ರಾಜಡತ್ವ ಅತಿ ಹೆಚ್ಚು. ರಜೆಯಲ್ಲಿ ಒಂದು ಗಂಟೆಗೆ ಮಲಗಿ ಒಂಬತ್ತಕ್ಕೆ ಏಳುವ ರೂಢಿ ಮಾಡಿಕೊಂಡ ವಿದ್ಯಾರ್ಥಿನಿಯನ್ನು ಎಣಿಸಿಕೊಳ್ಳಿರಿ. ಅವಳ ಉಷ್ಣತೆ ತಳ ಮುಟ್ಟುವುದು ಆರು ಗಂಟೆಯ ಸುಮಾರಿಗೆ. ಕಾಲೇಜು ತೆರೆದ ದಿನ ಅವಳು ಹತ್ತಕ್ಕೇ ಮಲಗಿ, ಹಾಗೂ ಹೀಗೂ ನಿದ್ರಿಸಿ, ಆರಕ್ಕೆ ಎದ್ದರೆ ಗೋಡೆಯ ಗಡಿಯಾರದಲ್ಲಿ ಎಂಟು ಗಂಟೆ ಪೂರ್ತಿಯಾಗಿರುತ್ತದೆ. ಒಳಗಡಿಯಾರದಲ್ಲಿ ಅದು ನಡುರಾತ್ರಿ. ಮೇಲಾಗಿ ಹದಿಹರೆಯದಲ್ಲಿ ಈ ಒಳಗಡಿಯಾರ ತಾನಾಗಿಯೇ ತಡವಾಗುತ್ತದೆ. ನಿದ್ರೆಯ ವೇಳೆಯನ್ನು ಸಾರುವ ಮೆಲಟೋನಿನ್ ಎಂಬ ರಸ ಹದಿನೇಳರ ಹುಡುಗನಲ್ಲಿ ಮಕ್ಕಳಿಗಿಂತ ತಡವಾಗಿ ಸ್ರವಿಸತೊಡಗುತ್ತದೆ. ಹದಿಮೂರರಿಂದ ಹದಿನೆಂಟರವರೆಗಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ರೆ ಬೇಕೆಂಬುದು ತಜ್ಞರ ಮತ. ಎಂದರೆ ಎಂಟು ಅವರ ಪಾಲಿಗೆ ಕನಿಷ್ಠ. ಇದನ್ನೆಲ್ಲ ತಿಳಿದೂ ನಾವು ಉಪನ್ಯಾಸಕರು ಏಳೂವರೆಗೆ ತರಗತಿಯಿಟ್ಟು, ಹಿಂದಿನ ಬೆಂಚಿನವರು ತೂಕಡಿಸಿದರೆ ಗದರುತ್ತೇವೆ!

ಇದಕ್ಕೆ ಮದ್ದು ಸುಲಭ, ಪಾಲಿಸುವುದು ಕಷ್ಟ. ರಜೆಯ ದಿನವೂ ಏಳುವ ವೇಳೆಯನ್ನು ಹೆಚ್ಚು ಬದಲಿಸಬಾರದು. ಎದ್ದ ಮೇಲೆ ಅರ್ಧ ಗಂಟೆಯಾದರೂ ಹೊರಗಿನ ಬೆಳಕಿಗೆ ಮೈಯೊಡ್ಡಬೇಕು. ರಾತ್ರಿ ಕಣ್ಣಿಗೆ ಬೀಳುವ ಬೆಳಕು ಒಳಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ. ಮೊಬೈಲಿನ ಪರದೆಯೂ ಬೆಳಕೇ. ಇನ್ನು ನಮ್ಮ ಪ್ರೀತಿಯ ಕಾಫಿ. ದಿನವಿಡೀ ಮಿದುಳಿನಲ್ಲಿ ಸೇರುತ್ತ ಹೋಗಿ ನಿದ್ರೆಯನ್ನು ಕರೆಯುವ ಅಡೆನೊಸಿನ್ ಎಂಬ ವಸ್ತುವಿನ ಆಸನದಲ್ಲಿ ಕಾಫಿಯ ಕೆಫೀನ್ ತಾನು ಹೋಗಿ ಕುಳಿತುಬಿಡುತ್ತದೆ. ಅದರಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಲೋಟದಲ್ಲಿ ಅರ್ಧ ಲೋಟ ರಾತ್ರಿ ಹತ್ತಕ್ಕೂ ಉಳಿದಿರುತ್ತದೆ. ಅದನ್ನು ಕುಡಿದು ನಿದ್ರಿಸಬಲ್ಲೆನೆಂದು ಹೆಮ್ಮೆಪಡುವವರು ಹಲವರಿದ್ದಾರೆ. ಅವರ ಆಳನಿದ್ರೆ ತೆಳುವಾಗಿರುವುದು ಅವರಿಗೆ ತಿಳಿಯುವುದಿಲ್ಲ.

ವೇಳೆಯನ್ನು ಸರಿಪಡಿಸಿ ಎರಡು ಮೂರು ವಾರ ಕಳೆದರೂ ಆಯಾಸ ಹೋಗದಿದ್ದರೆ ಆಗ ದೂಷಿಸಬೇಕಾದುದು ದಿನಚರಿಯನ್ನಲ್ಲ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ಶೇಕಡ ೫೭ರಷ್ಟು ಮಂದಿಗೆ ರಕ್ತಹೀನತೆಯಿದೆ. ಆಮ್ಲಜನಕವನ್ನು ಹೊರುವ ವಸ್ತುವೇ ಕಡಿಮೆಯಿರುವ ರಕ್ತಕ್ಕೆ ಹತ್ತು ಗಂಟೆಯ ನಿದ್ರೆಯೂ ಶಕ್ತಿ ಕೊಡಲಾರದು. ಥೈರಾಯ್ಡ್ ಗ್ರಂಥಿಯ ಕೊರತೆ, ಮನಸ್ಸಿನ ಖಿನ್ನತೆಗಳೂ ಬೆಳಗಿನ ಆಯಾಸವಾಗಿಯೇ ಮೊದಲು ತೋರುವುದುಂಟು. ಇವುಗಳಿಗೆಲ್ಲ ಪರೀಕ್ಷೆಯಿದೆ, ಚಿಕಿತ್ಸೆಯಿದೆ.

ಕೊನೆಯದಾಗಿ, ಉರಿ ನಡುನಡುವೆ ಆರುವ ಒಲೆಯ ವಿಷಯ. ಎಳನೀರು ಕುಡಿಯುವ ಕಾಗದದ ಕೊಳವೆ ನೆನೆದು ಮೆತ್ತಗಾದಾಗ ಬಲವಾಗಿ ಹೀರಿದರೆ ಏನಾಗುವುದೆಂದು ಎಲ್ಲರೂ ಬಲ್ಲರು. ಒಳಗಿನ ಒತ್ತಡ ತಗ್ಗಿ, ಹೊರಗಿನ ಒತ್ತಡಕ್ಕೆ ಗೋಡೆಗಳು ಕೂಡಿಕೊಂಡು ದಾರಿ ಮುಚ್ಚುತ್ತದೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾದಾಗ ಕೆಲವರ ಉಸಿರುದಾರಿಗೂ ಇದೇ ಗತಿ. ಮೊದಲು ಗೊರಕೆ, ಅನಂತರ ಹತ್ತು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಉಸಿರೇ ಇಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದು, ಮಿದುಳು ಗಾಬರಿಗೊಂಡು ಕೆಲವೇ ಸೆಕೆಂಡು ಎಚ್ಚೆತ್ತು, ದಾರಿ ತೆರೆದು ಮತ್ತೆ ನಿದ್ರೆಗೆ ಜಾರುತ್ತದೆ. ಗಂಟೆಗೆ ಮೂವತ್ತು ಸಲ ಹೀಗಾದರೆ ಎಂಟು ಗಂಟೆಗಳಲ್ಲಿ ೨೪೦ ಸಲ. ಅವುಗಳಲ್ಲಿ ಒಂದೂ ಬೆಳಗ್ಗೆ ನೆನಪಿರುವುದಿಲ್ಲ. ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ನಿಂತಲ್ಲೇ ನಿದ್ರಿಸುವ ಸ್ಥೂಲಕಾಯದ ಹುಡುಗನೊಬ್ಬನಿದ್ದಾನೆ. ಓದಿದವರೆಲ್ಲ ನಕ್ಕರು. ನೂರಕ್ಕೂ ಹೆಚ್ಚು ವರ್ಷಗಳ ಬಳಿಕ, ೧೯೫೬ರಲ್ಲಿ, ಅಮೆರಿಕದ ವೈದ್ಯರು ಸ್ಥೂಲಕಾಯದವರ ಇಂತಹದೇ ಒಂದು ಉಸಿರಾಟದ ರೋಗವನ್ನು ಆ ಪುಸ್ತಕದ ಹೆಸರಿನಿಂದಲೇ ಕರೆದರು. ಆದರೆ ಗಂಟಲು ಮುಚ್ಚುವ ಈ ತೊಂದರೆ ಸ್ಥೂಲದೇಹಿಗಳಿಗೆ ಮೀಸಲಲ್ಲ. ಚಿಕ್ಕ ದವಡೆಯವರಿಗೂ, ಗಂಟಲಿನ ಗ್ರಂಥಿಗಳು ಊದಿದ ಮಕ್ಕಳಿಗೂ ಬರುತ್ತದೆ.

ಇದರ ಪರಿಹಾರ ಶುದ್ಧ ಭೌತವಿಜ್ಞಾನ. ೧೯೮೧ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಐವರು ರೋಗಿಗಳ ಮೂಗಿಗೆ ಮುಖವಾಡ ತೊಡಿಸಿ, ಗಾಳಿಯೂದುವ ಯಂತ್ರದಿಂದ ಒಳಗಿನ ಒತ್ತಡವನ್ನು ಸ್ವಲ್ಪ ಹೆಚ್ಚಿಸಿದ ಫಲವನ್ನು ಪ್ರಕಟಿಸಿದರು. ಕೊಳವೆಯ ಗೋಡೆಗಳು ಕೂಡಿಕೊಳ್ಳಲಿಲ್ಲ, ರೋಗಿಗಳು ಅಡ್ಡಿಯಿಲ್ಲದೆ ನಿದ್ರಿಸಿದರು. ಇದಕ್ಕೆ ಬೇಕಾದ ಒತ್ತಡ ಸಾಮಾನ್ಯವಾಗಿ ಹತ್ತು ಸೆಂಟಿಮೀಟರ್ ಎತ್ತರದ ನೀರಿನ ಕಂಬದಷ್ಟು, ಎಂದರೆ ವಾಯುಮಂಡಲದ ಒತ್ತಡದ ನೂರರಲ್ಲೊಂದು ಪಾಲು. ಅಂತಹ ಯಂತ್ರಗಳು ಇಂದು ನಮ್ಮ ಊರುಗಳಲ್ಲಿಯೂ ದೊರೆಯುತ್ತವೆ.

ಆದರೆ ರೋಗಿ ತಾನಾಗಿ ವೈದ್ಯರ ಬಳಿಗೆ ಹೋಗುವುದು ಅಪರೂಪ. ತಾನು ಚೆನ್ನಾಗಿಯೇ ನಿದ್ರಿಸಿದೆನೆಂದು ಅವನ ಪ್ರಾಮಾಣಿಕವಾದ ನಂಬಿಕೆ. ಹಗಲಿನಲ್ಲಿ ಪತ್ರಿಕೆ ಹಿಡಿದು ತೂಕಡಿಸುವ, ಲಾರಿಯನ್ನೋ ಬಸ್ಸನ್ನೋ ನಡೆಸುವ ತಂದೆ, ಮಾವ, ಅಣ್ಣಂದಿರ ಗೊರಕೆ ರಾತ್ರಿ ಥಟ್ಟನೆ ನಿಂತು, ಏದುಸಿರಿನೊಡನೆ ಮತ್ತೆ ಮೊದಲಾಗುವುದನ್ನು ಪಕ್ಕದ ಕೋಣೆಯಲ್ಲಿ ಓದುತ್ತ ಕುಳಿತ ವಿದ್ಯಾರ್ಥಿ ಕೇಳಿಸಿಕೊಂಡಿರಬಹುದು. ಆ ನಿಲುಗಡೆ ಎಷ್ಟು ಸೆಕೆಂಡಿನದೆಂದು ಗಡಿಯಾರ ನೋಡಿ ಬರೆದಿಟ್ಟು, ಆ ಚೀಟಿಯೊಡನೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು.