ಬಯಲೂರಿನಲ್ಲಿ ಬೆಟ್ಟ ಹತ್ತುವ ತಯಾರಿ

ನಮ್ಮ ವಿಜಯಪುರದಲ್ಲಿ ಸೈಕಲ್ ತುಳಿಯುವವರಿಗೆ ಕೊರತೆ ಇಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಸೈಕಲ್ ಪಟುಗಳು ರಾಷ್ಟ್ರಮಟ್ಟದವರೆಗೆ ಹೋಗಿದ್ದಾರೆ. ನಮ್ಮಲ್ಲಿ ಇಲ್ಲದ್ದು ಏರು ರಸ್ತೆ ಮಾತ್ರ. ಸೋಲಾಪುರ ರಸ್ತೆಗೆ ಹೋಗಿ, ಸಿಂದಗಿ ರಸ್ತೆಗೆ ಹೋಗಿ, ಎಲ್ಲೆಡೆ ಬಯಲೇ. ಇಂಥ ಊರಿನಲ್ಲಿದ್ದುಕೊಂಡು ಬೆಟ್ಟ ಹತ್ತಲು ತಯಾರಾಗುವುದು ಹೇಗೆ?

ನನಗೆ ಈ ಪ್ರಶ್ನೆ ಬರಲು ಕಾರಣವಿದೆ. ದಸರಾ ರಜೆಗೆ ಚಿಕ್ಕಬಳ್ಳಾಪುರದ ಮಾಮೂ ಮನೆಗೆ ಹೋದಾಗ ನಂದಿಬೆಟ್ಟವನ್ನು ಸೈಕಲ್ಲಿನಲ್ಲಿ ಹತ್ತಬೇಕೆಂದಿದ್ದೇನೆ. ಬೆಟ್ಟದ ಎತ್ತರ 1478 ಮೀಟರ್. ಬುಡದಿಂದ ತುದಿಗೆ ಸುಮಾರು 8 ಕಿ.ಮೀ. ರಸ್ತೆ, ಅಷ್ಟರಲ್ಲಿ 400 ಮೀಟರಿಗೂ ಹೆಚ್ಚು ಮೇಲೇರಬೇಕು. ಅಬ್ಬಾ ಒಂದು ಷರತ್ತು ಹಾಕಿದ್ದಾರೆ: "ಮೊದಲು ಇಲ್ಲಿನ ರೈಲ್ವೆ ಬ್ರಿಜ್ ನಿಲ್ಲದೆ ಇಪ್ಪತ್ತು ಸಲ ಹತ್ತಿ ತೋರಿಸು. ಇಲ್ಲದಿದ್ದರೆ ಸೈಕಲ್ ಇಲ್ಲೇ ಇರುತ್ತದೆ." ಹೊಸ ಸೈಕಲ್ಲಿನ ಮಾತೇ ಇಲ್ಲ. ಕಾಲೇಜಿಗೆ ತರುವ 21 ಗೇರಿನ ಸೈಕಲ್ಲೇ ಗತಿ.

ಏರು ಏಕೆ ಕಷ್ಟ?

ಸಮತಟ್ಟಾದ ರಸ್ತೆಯಲ್ಲಿ ನಮ್ಮನ್ನು ತಡೆಯುವುದು ಮುಖ್ಯವಾಗಿ ಗಾಳಿ. ಏರಿನಲ್ಲಿ ತಡೆಯುವುದು ನಮ್ಮದೇ ತೂಕ. ನಾನು 60 ಕೆ.ಜಿ., ಸೈಕಲ್ 15 ಕೆ.ಜಿ., ಒಟ್ಟು 75. ನೂರು ಮೀಟರ್ ಹೋದಾಗ ಆರು ಮೀಟರ್ ಮೇಲೇರುವ ರಸ್ತೆಯಲ್ಲಿ ಈ ತೂಕದ ಶೇ. 6ರಷ್ಟು, ಅಂದರೆ ನಾಲ್ಕೂವರೆ ಕೆ.ಜಿ.ಯಷ್ಟು ಭಾರ ಸದಾ ಹಿಂದಕ್ಕೆ ಎಳೆಯುತ್ತಿರುತ್ತದೆ. ಬಯಲಿನಲ್ಲಿ ತುಳಿಯುವುದನ್ನು ನಿಲ್ಲಿಸಿದರೂ ಸೈಕಲ್ ಸ್ವಲ್ಪ ದೂರ ಓಡುತ್ತದೆ. ಏರಿನಲ್ಲಿ ಎರಡು ಮೂರು ಸೆಕೆಂಡಿನಲ್ಲೇ ನಿಂತುಬಿಡುತ್ತದೆ. ಹಾಗಾಗಿ ಬೇಕಾದದ್ದು ಒಂದು ಕ್ಷಣದ ಜೋರಲ್ಲ, ಸುಮಾರು ಒಂದು ಗಂಟೆ ಬಿಡದೆ ತುಳಿಯುವ ದಮ್ಮು.

ಊರಿನಲ್ಲೇ ಇರುವ ಬೆಟ್ಟಗಳು

ಮೊದಲನೆಯದು ಎದುರುಗಾಳಿ. ಮಳೆಗಾಲದಲ್ಲಿ ನಮ್ಮಲ್ಲಿ ಪಶ್ಚಿಮದ ಕಡೆಯಿಂದ ಜೋರಾಗಿ ಗಾಳಿ ಬೀಸುತ್ತದೆ. ಫಜ್ರ್ ನಮಾಜಿನ ನಂತರ, ಬೆಳಕು ಹರಿದ ಮೇಲೆ, ಅಥಣಿ ರಸ್ತೆಯಲ್ಲಿ ತೊರವಿ ಕಡೆ ಹೊರಟರೆ ಅದು ಎದೆಗೇ ಬಡಿಯುತ್ತದೆ. 20 ಕಿ.ಮೀ. ವೇಗದ ಗಾಳಿಗೆ ಎದುರಾಗಿ 15 ಕಿ.ಮೀ. ವೇಗದಲ್ಲಿ ತುಳಿಯುವುದೆಂದರೆ ಹೆಚ್ಚುಕಡಿಮೆ ಶೇ. 4ರ ಏರು ಹತ್ತಿದಂತೆ. ಸ್ವಲ್ಪ ಭಾರದ ಗೇರ್ ಹಾಕಿ ಐದು ನಿಮಿಷ ನಿಧಾನವಾಗಿ ಒತ್ತಿ ತುಳಿಯುವುದು, ಐದು ನಿಮಿಷ ಹಗುರ ಗೇರಿನಲ್ಲಿ ಸುಧಾರಿಸಿಕೊಳ್ಳುವುದು, ಹೀಗೆ ನಾಲ್ಕು ಸುತ್ತು. ಮೊಣಕಾಲು ನೋಯತೊಡಗಿದರೆ ಗೇರ್ ಇಳಿಸಲೇಬೇಕು.

ಎರಡನೆಯದು ರೈಲ್ವೆ ಬ್ರಿಜ್. ಒಂದು ಸಲ ಹತ್ತಿದರೆ ಏಳು ಮೀಟರ್ ಎಂದು ಹಿಡಿಯಿರಿ. ಇಪ್ಪತ್ತು ಸಲಕ್ಕೆ 140 ಮೀಟರ್. ಲೆಕ್ಕ ನೋಡಿದರೆ ಅಬ್ಬಾನ ಷರತ್ತು ನಂದಿಬೆಟ್ಟದ ಸುಮಾರು ಮೂರನೇ ಒಂದು ಭಾಗದಷ್ಟೇ ಆಗುತ್ತದೆ! ಅಲ್ಲದೆ ಪ್ರತಿ ಸಲ ಇಳಿಯುವಾಗ ಕಾಲಿಗೆ ವಿಶ್ರಾಂತಿ ಸಿಗುತ್ತದೆ, ಬೆಟ್ಟದಲ್ಲಿ ಅದು ಇಲ್ಲ. ಬ್ರಿಜ್ ಏರನ್ನು ಕಲಿಸುತ್ತದೆ, ಗಾಳಿ ಬಿಡುವಿಲ್ಲದೆ ತುಳಿಯುವುದನ್ನು ಕಲಿಸುತ್ತದೆ. ಎರಡೂ ಬೇಕು. ಲಾರಿಗಳು ಹೆಚ್ಚುವ ಮೊದಲೇ ಬ್ರಿಜ್ ಮುಗಿಸಬೇಕು.

ಮೂರನೆಯದು ಮೆಟ್ಟಿಲು. ಗೋಲಗುಮ್ಮಟದ ಏಳಂತಸ್ತಿನ ಮಿನಾರ್ ಹತ್ತಿದವರಿಗೆ ಮರುದಿನ ತೊಡೆ ಏನು ಹೇಳುತ್ತದೆಂದು ಗೊತ್ತು. ದಿನವೂ ನಮ್ಮ ಕಾಲೇಜಿನ ಮೆಟ್ಟಿಲೇ ಸಾಕು.

ವಾರಕ್ಕೆ ಒಂದು ದಿನ ಗಾಳಿ, ಒಂದು ದಿನ ಬ್ರಿಜ್, ಭಾನುವಾರ ಎರಡು ಗಂಟೆ ಹಗುರವಾದ ಸವಾರಿ. ಇದಕ್ಕಿಂತ ಹೆಚ್ಚು ಮಾಡಿದರೆ ಅಕೌಂಟೆನ್ಸಿ ಕ್ಲಾಸಿನಲ್ಲಿ ನಿದ್ದೆ ಖಂಡಿತ.

ಗೇರಿನ ಲೆಕ್ಕ

ನನ್ನ ಸೈಕಲ್ಲಿನ ಮುಂದಿನ ಸಣ್ಣ ಚಕ್ರಕ್ಕೆ 28 ಹಲ್ಲು, ಹಿಂದಿನ ದೊಡ್ಡ ಚಕ್ರಕ್ಕೂ 28. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು, ಅಂದರೆ ಸುಮಾರು 2.1 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ಈ ಲೆಕ್ಕದಲ್ಲಿ ನಂದಿಬೆಟ್ಟಕ್ಕೆ ಒಂದು ಗಂಟೆ ದಾಟುತ್ತದೆ. ಆಗಲಿ. ಮೊದಲ ಎರಡು ಕಿ.ಮೀ.ನಲ್ಲಿ ಪಕ್ಕದವರ ಜೊತೆ ಒಂದೊಂದು ವಾಕ್ಯ ಮಾತಾಡುವಷ್ಟು ಉಸಿರು ಉಳಿದಿರಬೇಕು. ಬಂಡವಾಳವನ್ನೆಲ್ಲ ಮೊದಲ ತಿಂಗಳಲ್ಲೇ ಖರ್ಚು ಮಾಡುವ ಅಂಗಡಿ ನಡೆಯುವುದಿಲ್ಲ.

ಇಳಿಯುವುದೂ ಒಂದು ಪಾಠ. ಹೋಗುವ ಮೊದಲು ಬ್ರೇಕ್ ಶೂ ಸವೆದಿದೆಯೇ ನೋಡಬೇಕು. ತಿರುವಿಗೆ ಬರುವ ಮೊದಲೇ ಎರಡೂ ಬ್ರೇಕ್ ಒತ್ತಿ ವೇಗ ತಗ್ಗಿಸಬೇಕು, ತಿರುವಿನ ನಡುವೆ ಅಲ್ಲ. ಹೆಲ್ಮೆಟ್ ಅಮ್ಮಿಯ ಷರತ್ತು, ಅದರಲ್ಲಿ ಚೌಕಾಸಿ ಇಲ್ಲ.

ಇದನ್ನು ಬರೆಯುವ ಹೊತ್ತಿಗೆ ಬ್ರಿಜ್ ಹದಿನಾಲ್ಕಕ್ಕೆ ಬಂದಿದೆ. ದಸರಾಕ್ಕೆ ಇನ್ನೂ ಆರು ಬಾಕಿ. ಸೈಕಲ್ ಇರುವ ಗೆಳೆಯರು ಭಾನುವಾರ ಜೊತೆಗೆ ಬನ್ನಿ. ಎದುರುಗಾಳಿಯಲ್ಲಿ ಸರದಿಯಂತೆ ಮುಂದೆ ತುಳಿದರೆ ಹಿಂದಿನವರಿಗೆ ಭಾರ ಕಡಿಮೆ.